ಪದವಿಯ ಜೊತೆಗೆ ಏಷ್ಯಾ ಅಧ್ಯಯನ: ಯಾಕೆ, ಯಾರಿಗೆ?

(ಹೆತ್ತವರು ಮತ್ತು ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕೆಲವು ವಾರಗಳ ಹಿಂದೆ ಓರ್ವ ತಂದೆ ನಮಗೆ ಫೋನ್ ಮಾಡಿದ್ದರು. ಅವರ ಮಗ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆಯಲು ಅಮೆರಿಕದ ವಿಶ್ವವಿದ್ಯಾನಿಲಯವೊಂದಕ್ಕೆ ಸೇರಿದ್ದಾನೆ. ಬ್ಯಾಂಕಿನ ಸಾಲವಿದೆ. ಮನೆಯ ಹೆಂಗಸರ ಚಿನ್ನವೂ ಅಡವಿನಲ್ಲಿದೆ. ಹೀಗಿರುವಾಗ ಮಗ, ಇದೇ ಪದವಿಯ ಜೊತೆಯಲ್ಲಿ ಏಷ್ಯಾ ಅಧ್ಯಯನದ ಗ್ರಾಜುಯೇಟ್ ಸರ್ಟಿಫಿಕೇಟನ್ನೂ ಮಾಡುತ್ತೇನೆ ಎನ್ನುತ್ತಿದ್ದಾನೆ. "ಏಷ್ಯಾದಲ್ಲೇ ಹುಟ್ಟಿದವನು ಏಷ್ಯಾವನ್ನು ಕಲಿಯಲು ಅಮೆರಿಕಕ್ಕೆ ಹೋಗಬೇಕೇ ಮೌಲಾನಾ? ಕಡಲ ದಂಡೆಯವನು ನೀರು ನೋಡಲು ರಾಜಸ್ಥಾನಕ್ಕೆ ಹೋದಂತಾಯಿತಲ್ಲ!" ಎಂದು ಅವರು ಕೇಳಿದರು. ಆ ಪ್ರಶ್ನೆಗೆ ಫೋನಿನಲ್ಲಿ ಸಂಪೂರ್ಣ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಇಂದಿನ ಮಾತು ಅದೇ ಉತ್ತರದ ಮುಂದುವರಿಕೆಯಾಗಿದೆ.

ಮೊದಲು ಒಂದು ಗೊಂದಲವನ್ನು ಬಗೆಹರಿಸೋಣ. ನಮ್ಮಲ್ಲಿ ಗ್ರಾಜುಯೇಟ್ ಎಂದರೆ ಬಿ.ಎ., ಬಿ.ಕಾಂ. ಮುಗಿಸಿದವರು. ಅಮೆರಿಕದಲ್ಲಿ ಗ್ರಾಜುಯೇಟ್ ಅಧ್ಯಯನವೆಂದರೆ ಪದವಿಯ ಅನಂತರದ ವಿದ್ಯಾಭ್ಯಾಸ. ಆದುದರಿಂದ ಈ ಸರ್ಟಿಫಿಕೇಟು ಟೈಪಿಂಗ್ ತರಗತಿಯ ಸರ್ಟಿಫಿಕೇಟಿನಂತಹದ್ದಲ್ಲ. ಹಾಗೆಂದು ಅದು ಇನ್ನೊಂದು ಎಂ.ಎ. ಕೂಡ ಅಲ್ಲ. ಕಾನೂನು, ವ್ಯವಹಾರಾಡಳಿತ, ಆರೋಗ್ಯ, ಇತಿಹಾಸ ಹೀಗೆ ಯಾವುದೋ ಮುಖ್ಯ ಪದವಿಯಲ್ಲಿರುವ ವಿದ್ಯಾರ್ಥಿಯು ಸಾಮಾನ್ಯವಾಗಿ 12ರಿಂದ 18 ಕ್ರೆಡಿಟ್‌ಗಳಷ್ಟು, ಅಂದರೆ ನಾಲ್ಕರಿಂದ ಆರು ವಿಷಯಗಳಷ್ಟು, ಏಷ್ಯಾ ಕುರಿತ ಪಾಠಗಳನ್ನು ಬೇರೆ ಬೇರೆ ವಿಭಾಗಗಳಲ್ಲಿ ಕಲಿಯುತ್ತಾನೆ. ಅನೇಕ ಕಡೆಗಳಲ್ಲಿ ಒಂದು ಏಷ್ಯನ್ ಭಾಷೆಯ ಜ್ಞಾನವೂ ಕಡ್ಡಾಯ. ಕೆಲವು ವಿಷಯಗಳನ್ನು ಮುಖ್ಯ ಪದವಿಗೂ ಲೆಕ್ಕ ಹಿಡಿಯಲು ಅವಕಾಶವಿರುತ್ತದೆ. ಹವಾಯಿ ವಿಶ್ವವಿದ್ಯಾನಿಲಯದ ಮನೋವಾ ಕ್ಯಾಂಪಸ್ ಇಂತಹ ವ್ಯಾಸಂಗಕ್ಕೆ ಹೆಸರಾಗಿದೆ. ಅದರ ಪಕ್ಕದಲ್ಲೇ 1960ರಲ್ಲಿ ಸ್ಥಾಪನೆಯಾದ ಈಸ್ಟ್-ವೆಸ್ಟ್ ಸೆಂಟರ್ ಇದೆ.

ಅಮೆರಿಕ ನಮ್ಮನ್ನು ಕಲಿಯಲು ಹೊರಟದ್ದಾದರೂ ಯಾಕೆ? ನಮ್ಮ ಮೇಲಿನ ಪ್ರೀತಿಯಿಂದ ಎಂದು ಯಾರೂ ಭಾವಿಸಬೇಕಾಗಿಲ್ಲ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಮರುವರ್ಷವೇ ಅಮೆರಿಕ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯನ್ನು ತಂದಿತು. ಹೆಸರಿನಲ್ಲೇ ರಕ್ಷಣೆ ಇದೆ, ಗಮನಿಸಿ. ಆ ಕಾಯಿದೆಯ ಆರನೆಯ ಅಧ್ಯಾಯದ ಹಣದಿಂದಲೇ ಏಷ್ಯಾ, ಆಫ್ರಿಕಾಗಳ ಭಾಷೆ ಮತ್ತು ಸಮಾಜಗಳನ್ನು ಕಲಿಸುವ ಕೇಂದ್ರಗಳು ವಿಶ್ವವಿದ್ಯಾನಿಲಯಗಳಲ್ಲಿ ಬಲಗೊಂಡವು. ಇನ್ನೊಂದು ಸಂಗತಿಯನ್ನು ಹಿರಿಯರು ನೆನಪಿಸಿಕೊಳ್ಳಬಹುದು. ಅಂದು ಪಿ.ಎಲ್. 480 ಒಪ್ಪಂದದಂತೆ ಅಮೆರಿಕದ ಗೋಧಿ ನಮ್ಮ ಪಡಿತರ ಅಂಗಡಿಗಳಿಗೆ ಬರುತ್ತಿತ್ತು. ಅದರ ಬೆಲೆಯನ್ನು ಭಾರತ ರೂಪಾಯಿಯಲ್ಲಿ ಪಾವತಿಸುತ್ತಿತ್ತು. ಆ ರೂಪಾಯಿಯ ಒಂದು ಪಾಲಿನಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಖರೀದಿಸಿ ತನ್ನ ದೇಶದ ವಿಶ್ವವಿದ್ಯಾನಿಲಯಗಳಿಗೆ ಹಂಚಿತು. ಉರ್ದುವೂ ಹೋಯಿತು, ಕನ್ನಡವೂ ಹೋಯಿತು. ನಮ್ಮ ಅಜ್ಜಿಯಂದಿರು ಆ ಗೋಧಿಯಿಂದ ರೊಟ್ಟಿ ತಟ್ಟುತ್ತಿದ್ದಾಗ ನಮ್ಮ ಪುಸ್ತಕಗಳು ಹಡಗೇರುತ್ತಿದ್ದವು.

ಇದನ್ನು ನಾವು ದೂರುವುದಕ್ಕಾಗಿ ಹೇಳುತ್ತಿಲ್ಲ. ಉದ್ದೇಶ ಏನೇ ಇರಲಿ, ಪುಸ್ತಕಗಳು ಅಲ್ಲಿವೆ, ಅಧ್ಯಾಪಕರು ಅಲ್ಲಿದ್ದಾರೆ. ಆ ಕಪಾಟಿನ ಮುಂದೆ ನಮ್ಮ ಮಕ್ಕಳು ನಿಲ್ಲಬಾರದೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಶಿಕಾಗೋದಲ್ಲಿ ಅಧ್ಯಾಪಕರಾಗಿ, ವಚನಗಳನ್ನು ಇಂಗ್ಲಿಷಿಗೆ ತಂದು ಜಗತ್ತಿಗೆ ಪರಿಚಯಿಸಲಿಲ್ಲವೇ? ನಮ್ಮ ಬಗ್ಗೆ ಬರೆಯಲಾದ ಪುಸ್ತಕಗಳಲ್ಲಿ ತಪ್ಪಿದೆ, ಪಕ್ಷಪಾತವಿದೆ ಎಂದು ನಾವು ಸಭೆಗಳಲ್ಲಿ ದೂರುತ್ತೇವೆ. 1978ರಲ್ಲಿ ಎಡ್ವರ್ಡ್ ಸೈದ್ ತಮ್ಮ 'ಓರಿಯಂಟಲಿಸಂ' ಗ್ರಂಥದಲ್ಲಿ ಮಾಡಿದ್ದೂ ಅಂತಹದೇ ದೂರನ್ನು. ಆದರೆ ಅವರು ಆ ಪುಸ್ತಕಗಳನ್ನು ಓದಿ ದೂರಿದರು. ನಾವು ಓದದೆಯೇ ದೂರುತ್ತೇವೆ.

ಇನ್ನು, ಏಷ್ಯಾದಲ್ಲೇ ಹುಟ್ಟಿದವನಿಗೆ ಏಷ್ಯಾ ಗೊತ್ತಿದೆ ಎಂಬ ವಾದ. ನಿಜವಾಗಿ ಗೊತ್ತಿದೆಯೇ? ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ನಾಲ್ಕು ದೇಶಗಳೆಂದರೆ ಇಂಡೋನೇಷ್ಯಾ, ಪಾಕಿಸ್ತಾನ, ಭಾರತ ಮತ್ತು ಬಾಂಗ್ಲಾದೇಶ. ಅವುಗಳಲ್ಲಿ ಒಂದೂ ಅರಬ್ ದೇಶವಲ್ಲ. ಆದರೂ ನಮ್ಮ ಮನೆಗಳಲ್ಲಿ ದುಬೈಯ ಗಲ್ಲಿಗಲ್ಲಿ ಗೊತ್ತು, ಜಕಾರ್ತಾದ ಬಗ್ಗೆ ಒಂದು ವಾಕ್ಯ ಗೊತ್ತಿಲ್ಲ. ಇಂಡೋನೇಷ್ಯಾದ ಜನರು ರಮಝಾನಿನ ಉಪವಾಸವನ್ನು 'ಪುವಾಸಾ' ಎನ್ನುತ್ತಾರೆ. ಅದು ಸಂಸ್ಕೃತದ 'ಉಪವಾಸ'ವೇ ಆಗಿದೆ. ಧರ್ಮಕ್ಕೆ 'ಅಗಾಮಾ', ಸ್ವರ್ಗಕ್ಕೆ 'ಸುರ್ಗಾ', ಪಾಪಕ್ಕೆ 'ದೋಸಾ', ಶಾಲೆಯ ಅಧ್ಯಾಪಕನಿಗೆ 'ಗುರು'. ಅದೇ ಬಾಯಲ್ಲಿ 'ಕಿತಾಬ್', 'ಕುರ್ಸಿ', 'ಜುಮ್‌ಅತ್' ಎಂಬ ಅರಬಿ ಪದಗಳೂ ಬರುತ್ತವೆ. ಯಾವ ಪದ ಯಾರದ್ದು ಎಂದು ಇಲ್ಲಿ ಜಗಳವಾಡುವವರು ಆ ಭಾಷೆಯ ಒಂದು ಸೆಮಿಸ್ಟರ್ ಪಾಠ ಕೇಳಿದರೆ ಒಳಿತು.

ಆದರೆ ಈ ವ್ಯಾಸಂಗದಲ್ಲಿ ಒಂದು ದೊಡ್ಡ ಬಿರುಕೂ ಇದೆ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತಾ ಮಕ್ಕಾದಲ್ಲಿ ಹಜ್ಜ್ ಮಾಡಿದ್ದರು. ನಮ್ಮ ಹೊನ್ನಾವರಕ್ಕೆ ಬಂದು, ಅಲ್ಲಿ ಹೆಣ್ಮಕ್ಕಳ 13 ಹಾಗೂ ಗಂಡು ಮಕ್ಕಳ 23 ಶಾಲೆಗಳಿದ್ದುದನ್ನು ದಾಖಲಿಸಿದರು. ಸುಮಾತ್ರಾವನ್ನೂ ಚೀನಾದ ಝೈತೂನ್ ಬಂದರನ್ನೂ ವರ್ಣಿಸಿದರು. ಅವರಿಗೆ ಅದೆಲ್ಲವೂ ಒಂದೇ ಪ್ರಯಾಣವಾಗಿತ್ತು. ಇಂದಿನ ಅಮೆರಿಕದ ವಿಶ್ವವಿದ್ಯಾನಿಲಯದಲ್ಲಿ ಹೊನ್ನಾವರ ದಕ್ಷಿಣ ಏಷ್ಯಾಕ್ಕೆ, ಸುಮಾತ್ರಾ ಆಗ್ನೇಯ ಏಷ್ಯಾಕ್ಕೆ, ಝೈತೂನ್ ಪೂರ್ವ ಏಷ್ಯಾಕ್ಕೆ ಸೇರುತ್ತವೆ. ಮಕ್ಕಾ? ಅದು ಭೂಪಟದಲ್ಲಿ ಏಷ್ಯಾದಲ್ಲಿದ್ದರೂ ಬಹುತೇಕ ಕಡೆ 'ಮಧ್ಯಪ್ರಾಚ್ಯ' ಎಂಬ ಬೇರೆಯೇ ವಿಭಾಗಕ್ಕೆ ಹೋಗುತ್ತದೆ. ಹೀಗಾಗಿ ಅರಬಿ ಬಲ್ಲ ವಿದ್ಯಾರ್ಥಿಯು, ತನಗೆ ಏಷ್ಯನ್ ಭಾಷೆಯೊಂದು ಗೊತ್ತಿದೆಯೆಂದು ಮೊದಲೇ ನಿಶ್ಚಿಂತನಾಗಬಾರದು. ನಿಯಮ ನೋಡಬೇಕು. ಕೆಲವು ಕಡೆ ಏಷ್ಯಾ ಅಧ್ಯಯನವೆಂದರೆ ಚೀನಾ-ಜಪಾನ್‌ಗಳಷ್ಟೇ ಎಂಬಂತಿರುತ್ತದೆ. ಅದನ್ನೂ ಸೇರುವ ಮೊದಲೇ ವಿಚಾರಿಸಬೇಕು.

ಎರಡು ದೋಣಿಯ ಪಯಣದ ಕಷ್ಟ ನಮಗೆ ತಿಳಿಯದ್ದಲ್ಲ. ಮದ್ರಸದ ಓದು ಮುಗಿಯುವ ಮೊದಲೇ ನಾವು ಬಿ.ಎ.ಗೆ ಸೇರಿದೆವು. ಮದ್ರಸದ ಕೆಲವು ಹಿರಿಯರಿಗೆ ಅದು ದಾರಿ ತಪ್ಪಿದಂತೆ ಕಂಡಿತು. ಕಾಲೇಜಿನ ಕಚೇರಿಯಲ್ಲಿ, "ಒಂದನ್ನು ಬಿಟ್ಟು ಬಾ" ಎಂದರು. ಮದ್ರಸದ ಕೊನೆಯ ಪರೀಕ್ಷೆಯ ದಿನಗಳಲ್ಲಿ ಕಾಲೇಜಿನ ಹಾಜರಿ ಕಡಿಮೆಯಾಗಿ ಇತಿಹಾಸದ ಒಂದು ಪತ್ರಿಕೆಯನ್ನು ಮರುವರ್ಷ ಬರೆಯಬೇಕಾಯಿತು. ಆ ಒಂದು ವರ್ಷ ತಂದೆಯವರ ಮುಖ ನೋಡಲು ನಮಗೆ ಧೈರ್ಯವಿರಲಿಲ್ಲ. ಆದುದರಿಂದ, ಎರಡನ್ನೂ ಮಾಡು ಎಂದು ಯಾರಿಗೂ ನಾವು ಹಗುರವಾಗಿ ಹೇಳಲಾರೆವು. (ಇಲ್ಲೇ ಓದುವವರಿಗೆ ಒಂದು ಮಾಹಿತಿ: ಎರಡು ಪದವಿಗಳನ್ನು ಏಕಕಾಲದಲ್ಲಿ ಓದಲು ಯುಜಿಸಿ 2022ರ ಎಪ್ರಿಲ್‌ನಲ್ಲಿ ಅನುಮತಿ ನೀಡಿತು. ಎರಡೂ ನೇರ ತರಗತಿಗಳಾದರೆ ಸಮಯ ಒಂದರ ಮೇಲೊಂದು ಬೀಳಬಾರದು. ಪಿಎಚ್.ಡಿ.ಗೆ ಇದು ಅನ್ವಯಿಸುವುದಿಲ್ಲ.)

ಖರ್ಚಿನ ಮಾತನ್ನು ಮರೆಮಾಚಬಾರದು. ಹೆಚ್ಚುವರಿ ಕ್ರೆಡಿಟಿಗೆ ಅನೇಕ ಕಡೆ ಹೆಚ್ಚುವರಿ ಶುಲ್ಕವಿದೆ. ಭಾಷೆಯ ಆರಂಭಿಕ ತರಗತಿಗಳು ವಾರದಲ್ಲಿ ನಾಲ್ಕೈದು ದಿನ ನಡೆಯುತ್ತವೆ. ಆದರೂ ಹಲವೆಡೆ ಅವುಗಳನ್ನು ಸ್ನಾತಕೋತ್ತರ ಕ್ರೆಡಿಟ್‌ಗಳಾಗಿ ಲೆಕ್ಕ ಹಿಡಿಯುವುದಿಲ್ಲ. ಭಾಷಾ ಕಲಿಕೆಗೆಂದು ಅಮೆರಿಕದ ಸರಕಾರ ಕೊಡುತ್ತಿದ್ದ ಫೆಲೋಶಿಪ್ ಆ ದೇಶದ ನಾಗರಿಕರಿಗೆ ಮತ್ತು ಖಾಯಂ ನಿವಾಸಿಗಳಿಗೆ ಮಾತ್ರವಿತ್ತು. 2025ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆಯು ಆ ಅನುದಾನವನ್ನೂ ಕೇಂದ್ರಗಳ ಅನುದಾನವನ್ನೂ ನಿಲ್ಲಿಸಿತು. ಕೇವಲ ಈ ಕಾಗದವನ್ನು ತೋರಿಸಿದರೆ ಯಾರೂ ಉದ್ಯೋಗ ಕೊಡಲಾರರು. ಆರೋಗ್ಯ ಪದವಿ ಇದ್ದು, ಜೊತೆಗೆ ಇಂಡೋನೇಷ್ಯಾದ ಭಾಷೆ ಬಲ್ಲವನ ಮಾತು ಬೇರೆ.

ಆ ತಂದೆಗೆ ನಾವು ಮತ್ತೆ ಫೋನ್ ಮಾಡಿ ಹೇಳಿದ್ದು ಇಷ್ಟು. ಮೊದಲ ಸೆಮಿಸ್ಟರನ್ನು ಮುಖ್ಯ ಪದವಿಗೇ ಬಿಡಲಿ. ಯಾವ ಎರಡು ವಿಷಯಗಳು ಎರಡೂ ಕಡೆ ಲೆಕ್ಕಕ್ಕೆ ಬರುತ್ತವೆ ಎಂದು ಮಾರ್ಗದರ್ಶಕರಿಂದ ಲಿಖಿತವಾಗಿ ಪಡೆಯಲಿ. ಹೆಚ್ಚುವರಿ ವ್ಯಾಸಂಗದಿಂದ ವೀಸಾದ ಅವಧಿಗೆ ತೊಡಕಾದೀತೇ ಎಂದು ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಲಿ. ಇವಿಷ್ಟು ಸರಿಹೊಂದಿದರೆ ಮಗನನ್ನು ತಡೆಯಬೇಡಿ, ಹೊಂದದಿದ್ದರೆ ಒಂದೇ ಒಂದು ಭಾಷಾ ತರಗತಿಗಾದರೂ ಕಳುಹಿಸಿ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, "ಆ ಪುವಾಸಾ ಎಂಬ ಪದವನ್ನು ಇನ್ನೊಮ್ಮೆ ಹೇಳಿ, ಇವನ ಉಮ್ಮನಿಗೆ ಹೇಳಬೇಕು" ಎಂದರು. ಮಗ ಯಾವ ಭಾಷೆಗೆ ಸೇರಿದನೆಂದು ಅವರು ನಮಗೆ ಇನ್ನೂ ತಿಳಿಸಿಲ್ಲ.