ನಿಮಾಯ್ ಘೋಷ್: ರಂಗದಿಂದ ಬಂದ ಛಾಯಾಗ್ರಾಹಕ



ನಿಮಾಯ್ ಘೋಷ್ ಎಂದ ಕೂಡಲೇ ‘ಸತ್ಯಜಿತ್ ರಾಯ್ ಅವರ ಫೋಟೋಗ್ರಾಫರ್’ ಎಂಬ ಮಾತು ಬಂದುಬಿಡುತ್ತದೆ. ‘ಛಿನ್ನಮೂಲ್’ ಚಿತ್ರ ನಿರ್ದೇಶಿಸಿ ಆಮೇಲೆ ಮದ್ರಾಸಿಗೆ ಬಂದ ನಿಮಾಯ್ ಘೋಷ್ ಬೇರೆಯವರು. ಹೆಸರು ಮಾತ್ರ ಒಂದೇ. ನಮ್ಮ ಈ ನಿಮಾಯ್ ಘೋಷ್ 1934ರಲ್ಲಿ ಹುಟ್ಟಿದವರು, ಕಲ್ಕತ್ತೆಯವರು. ರಾಯ್ ಅವರ ಜೊತೆ ಎರಡು ದಶಕಕ್ಕೂ ಹೆಚ್ಚು ಕಾಲ ಓಡಾಡಿದ್ದು ನಿಜ. ಆದರೆ ಅದಕ್ಕೂ ಮೊದಲು ಅವರು ನಟ. ಉತ್ಪಲ್ ದತ್ತರ ಲಿಟಲ್ ಥಿಯೇಟರ್ ಗ್ರೂಪ್‌ನಲ್ಲಿ ಬಣ್ಣ ಹಚ್ಚಿದವರು. ಅವರ ಕಣ್ಣು ಪಳಗಿದ್ದು ಅಲ್ಲಿಯೇ ಎಂಬುದು ನನ್ನ ದೃಢವಾದ ನಂಬಿಕೆ.

ಕ್ಯಾಮೆರಾ ಅವರ ಕೈಗೆ ಬಂದ ಬಗೆಯನ್ನು ಅವರೇ ಹೇಳಿಕೊಂಡಿದ್ದಾರೆ. ಯಾರೋ ಟ್ಯಾಕ್ಸಿಯಲ್ಲಿ ಬಿಟ್ಟುಹೋದ ಕ್ಯಾನನೆಟ್ ಕ್ಯಾಮೆರಾ ಸ್ನೇಹಿತನೊಬ್ಬನಿಗೆ ಸಿಕ್ಕಿತ್ತು. ಆ ಸ್ನೇಹಿತ ಇವರಿಗೆ 240 ರೂಪಾಯಿ ಕೊಡಬೇಕಿತ್ತು. ಸಾಲ ಚುಕ್ತಾ ಆಯಿತು, ಕ್ಯಾಮೆರಾ ಇವರದಾಯಿತು. ಆಗ ರಾಮ್‌ಪುರಹಾಟ್‌ನಲ್ಲಿ ‘ಗೂಪಿ ಗಾಯ್ನೆ ಬಾಘಾ ಬಾಯ್ನೆ’ ಚಿತ್ರೀಕರಣ. ಅಲ್ಲಿಗೆ ಹೋಗಿ ತೆಗೆದ ಫೋಟೋಗಳನ್ನು ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತರ ಮೂಲಕ ರಾಯ್ ನೋಡಿದರು. ತಾವು ಇಡುವ ಕೋನಗಳನ್ನೇ ಈ ಹೊಸಬ ಹಿಡಿದಿದ್ದಾನಲ್ಲ ಎಂದು ಮೆಚ್ಚಿಕೊಂಡರು. ಅಲ್ಲಿಂದ ಹಿಡಿದು 1991ರ ‘ಆಗಂತುಕ್’ವರೆಗೆ ಆ ನಂಟು ಬಿಡಲಿಲ್ಲ.

ಈಗ ರಂಗದ ಮಾತಿಗೆ ಬರುತ್ತೇನೆ. ನಿಮಾಯ್ ಬಾಬು ಫ್ಲ್ಯಾಶ್ ಬಳಸುತ್ತಿರಲಿಲ್ಲ. ಅದರ ಮಹತ್ವ ತಿಳಿಯಬೇಕಾದರೆ ಆ ಕಾಲದ ಕಲ್ಕತ್ತೆಯ ರಂಗವನ್ನು ನೆನಪಿಸಿಕೊಳ್ಳಬೇಕು. ಮಿನರ್ವಾ ಥಿಯೇಟರಿನಲ್ಲಿ ನಡೆದ ದತ್ತರ ‘ಅಂಗಾರ್’ ನಾಟಕದಲ್ಲಿ, ಕಲ್ಲಿದ್ದಲ ಗಣಿಗೆ ನೀರು ನುಗ್ಗುವ ದೃಶ್ಯವನ್ನು ಬೆಳಕಿನ ವಿನ್ಯಾಸಕ ತಾಪಸ್ ಸೇನ್ ಬರೀ ಬೆಳಕಿನಿಂದ ಕಟ್ಟಿದ್ದರು. ಅಂಥ ಬೆಳಕಿನ ಮೇಲೆ ಫ್ಲ್ಯಾಶ್ ಹೊಡೆದರೆ ಉಳಿಯುವುದೇನು? ಬಣ್ಣ ಬಳಿದ ಮುಖ, ಹಿಂದೆ ಪ್ಲೈವುಡ್. ನೀರೂ ಇಲ್ಲ, ಗಣಿಯೂ ಇಲ್ಲ.

ಫ್ಲ್ಯಾಶ್ ಬೇಡವೆಂದರೆ ಷಟರ್ ನಿಧಾನವಾಗಿ ತೆರೆದು ಮುಚ್ಚಬೇಕು. ಸೆಕೆಂಡಿನ ಹದಿನೈದನೇ ಒಂದು ಭಾಗ, ಮೂವತ್ತನೇ ಒಂದು ಭಾಗ. ಅಷ್ಟರಲ್ಲಿ ನಟ ಕೈ ಬೀಸಿದರೆ ಚಿತ್ರ ಕಲಸಿಹೋಗುತ್ತದೆ. ಹಾಗಾಗಿ ಮಾತಿಗೂ ಮಾತಿಗೂ ನಡುವೆ ನಟ ಉಸಿರು ತೆಗೆದುಕೊಳ್ಳುವ ಆ ಒಂದು ತಡೆಗಾಗಿ ಕಾಯಬೇಕು. ಅದು ಎಲ್ಲಿ ಬರುತ್ತದೆಂದು ಊಹಿಸಲು ರಂಗದ ಮೇಲೆ ನಿಂತು ಗೊತ್ತಿರಬೇಕು. ಎಷ್ಟೋ ಒಳ್ಳೆಯ ಫೋಟೋಗ್ರಾಫರುಗಳು ನಾಟಕದಲ್ಲಿ ಸೋಲುವುದು ಇಲ್ಲಿಯೇ: ಅವರು ಮಾತಿನ ಅಬ್ಬರವನ್ನು ಹಿಡಿಯಲು ಹೋಗುತ್ತಾರೆ. ನಿಮಾಯ್ ಬಾಬು ಮಾತು ಮುಗಿದ ಮೇಲೆ ಮುಖದಲ್ಲಿ ಉಳಿದದ್ದನ್ನು ಹಿಡಿದರು. ಶಂಭು ಮಿತ್ರ, ಉತ್ಪಲ್ ದತ್ತ, ಅಜಿತೇಶ್ ಬಂದ್ಯೋಪಾಧ್ಯಾಯರಂಥವರ ಅಭಿನಯ ಹೇಗಿತ್ತೆಂದು ಇಂದಿನವರಿಗೆ ಕಾಣಿಸಲು ನಮ್ಮ ಬಳಿ ಇರುವುದು ಬಹುಮಟ್ಟಿಗೆ ಇಂಥ ಚಿತ್ರಗಳೇ.

ರಾಯ್ ಅವರ ಭಾವಚಿತ್ರಗಳಲ್ಲೂ ಇದೇ ವಿದ್ಯೆ ಕೆಲಸ ಮಾಡಿದೆ. ಬಿಷಪ್ ಲೆಫ್ರಾಯ್ ರಸ್ತೆಯ ಮನೆಯ ಆ ಪುಸ್ತಕ ತುಂಬಿದ ಕೋಣೆಯಲ್ಲಿ ರಾಯ್ ಓದುತ್ತಿದ್ದಾರೆ, ಬರೆಯುತ್ತಿದ್ದಾರೆ, ಚಿತ್ರ ಬಿಡಿಸುತ್ತಿದ್ದಾರೆ. ಕ್ಯಾಮೆರಾ ಇದೆಯೆಂಬ ಪರಿವೆಯೇ ಇಲ್ಲ. ಆ ಎತ್ತರದ ಮನುಷ್ಯ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಮಂಡಿಯ ಮೇಲೆ ಪುಸ್ತಕ ಇಟ್ಟುಕೊಂಡ ಭಂಗಿಯಲ್ಲಿ ಮುಖಕ್ಕಿಂತ ಮೈಯೇ ಹೆಚ್ಚು ಮಾತಾಡುತ್ತದೆ. ರಾಯ್ ಇವರನ್ನು ಜೀವನಚರಿತ್ರೆಕಾರ ಬಾಸ್ವೆಲ್‌ಗೆ ಹೋಲಿಸಿದರು, ಪೆನ್ನಿನ ಬದಲು ಕ್ಯಾಮೆರಾ ಹಿಡಿದ ಬಾಸ್ವೆಲ್ ಎಂದು. 1991ರಲ್ಲಿ ಬಂದ ‘ಸತ್ಯಜಿತ್ ರಾಯ್ ಅಟ್ 70’ ಪುಸ್ತಕಕ್ಕೆ ಮುನ್ನುಡಿ ಬರೆದವರು ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ ಬ್ರೆಸಾನ್.

2010ರಲ್ಲಿ ಪದ್ಮಶ್ರೀ ಬಂತು. ಡಿಜಿಟಲ್ ಯುಗದಲ್ಲೂ ಅವರು ಫಿಲ್ಮ್ ಬಿಡಲಿಲ್ಲ. ತೀರಿಕೊಂಡದ್ದು 2020ರ ಮಾರ್ಚ್ 25ರಂದು, ಕೋವಿಡ್‌ನಿಂದಾಗಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡ ಮೊದಲ ದಿನ. ಅವರ ಕೆಲಸಕ್ಕೆ ತಕ್ಕಂಥ ಒಂದು ಸಂತಾಪ ಸಭೆ ನಡೆಯುವ ಕಾಲವೂ ಅದಾಗಿರಲಿಲ್ಲ.

ಅವರ ನಾಟಕದ ಫೋಟೋಗಳು, ಜೊತೆಗೆ ಅವರದೇ ನೆನಪುಗಳು, ಕಲ್ಕತ್ತೆಯ ಸೀಗಲ್ ಪ್ರಕಾಶನದ ‘ಡ್ರಮ್ಯಾಟಿಕ್ ಮೊಮೆಂಟ್ಸ್’ ಪುಸ್ತಕದಲ್ಲಿವೆ. ನಮ್ಮ ಸಂಘದ ಗ್ರಂಥಾಲಯ ಅದನ್ನು ತರಿಸಬೇಕೆಂದು ಪದಾಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ. ಇಲ್ಲಿ ಕೂತಿರುವ ಹವ್ಯಾಸಿ ತಂಡದ ಹುಡುಗ ಹುಡುಗಿಯರು ಮುಂದಿನ ಪ್ರದರ್ಶನದ ಫೋಟೋ ತೆಗೆಯುವ ಮುಂಚೆ ಒಂದು ಸಂಜೆ ಅದರ ಮುಂದೆ ಕೂರಲಿ.