'ಒಡೆ, ಆಳು' ಎಂಬ ಸೂತ್ರ
(ಗದಗ-ಬೆಟಗೇರಿಯಲ್ಲಿ ಮಾಡಿದ ಭಾಷಣ)



ರಾಜ್ಯತಂತ್ರದ ಮಾತು ಬಂದಲ್ಲೆಲ್ಲ ಲ್ಯಾಟಿನ್ ಭಾಷೆಯ ಸೂತ್ರವೊಂದನ್ನು ನಾವು ಕೇಳುತ್ತೇವೆ: 'ದಿವಿದೆ ಎತ್ ಇಂಪೆರಾ'. ಇದರಲ್ಲಿರುವುವು ಎರಡು ಆಜ್ಞೆಗಳು. 'ದಿವಿದೆ' ಎಂದರೆ ಒಡೆ. 'ಇಂಪೆರಾ' ಎಂದರೆ ಆಳು.

ಮಾತು ಲ್ಯಾಟಿನ್ನಿನದಾದರೂ ಪ್ರಾಚೀನ ರೋಮದ ಗ್ರಂಥಕಾರರಲ್ಲಿ ಇದು ಈ ರೂಪದಲ್ಲಿ ದೊರೆಯುವುದಿಲ್ಲ. ಕೆಲವರು ಇದನ್ನು ಮ್ಯಾಸಿಡೋನಿಯದ ಅರಸು ಫಿಲಿಪ್ಪನಿಗೆ, ಕೆಲವರು ಇಟಲಿಯ ಮ್ಯಾಕಿಯಾವೆಲ್ಲಿಗೆ ಆರೋಪಿಸುವರು. ಎರಡಕ್ಕೂ ದೃಢವಾದ ಆಧಾರವಿಲ್ಲ. ಜರ್ಮನ್ ತತ್ತ್ವಜ್ಞ ಕಾಂಟನು 1795ರಲ್ಲಿ ಶಾಶ್ವತ ಶಾಂತಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ಇದನ್ನು ಕುಟಿಲನೀತಿಗಳ ಸಾಲಿಗೆ ಸೇರಿಸಿದನು. ಸೂತ್ರವು ಈಚಿನದಾದರೂ ಆಚರಣೆಯು ಹಳೆಯದು. ಅದೇ ಫಿಲಿಪ್ಪನ ನಾಡನ್ನು ಗೆದ್ದ ರೋಮನರು ಕ್ರಿ. ಪೂ. 167ರಲ್ಲಿ ಅದನ್ನು ನಾಲ್ಕು ಪಾಲು ಮಾಡಿದರು. ಒಂದು ಪಾಲಿನವರು ಇನ್ನೊಂದರಲ್ಲಿ ಹೆಣ್ಣು ತರಬಾರದು, ಹೊಲಮನೆ ಕೊಳ್ಳಬಾರದು ಎಂದು ವಿಧಿಸಿದರು.

ಅಷ್ಟು ದೂರ ಹೋಗುವುದೇಕೆ? ನಮ್ಮ ನೆರೆಯನ್ನೇ ನೋಡೋಣ. 1799ರಲ್ಲಿ ಟೀಪುವೂ 1818ರಲ್ಲಿ ಪೇಶವೆಯೂ ಸೋತ ಬಳಿಕ ಕನ್ನಡನಾಡು ಹಲವು ಆಳ್ವಿಕೆಗಳಿಗೆ ಹಂಚಿಹೋಯಿತು. ಗದಗ-ಬೆಟಗೇರಿ, ಮುಂಡರಗಿಗಳು ಮುಂಬಯಿ ಇಲಾಖೆಯಲ್ಲಿ, ಲಕ್ಷ್ಮೇಶ್ವರವು ಮೀರಜ ಸಂಸ್ಥಾನದಲ್ಲಿ, ಶಿರಹಟ್ಟಿಯು ಸಾಂಗಲಿಯಲ್ಲಿ, ಮುಂಡರಗಿಯಾಚೆಯ ಕೊಪ್ಪಳವು ನಿಜಾಮರ ಸೀಮೆಯಲ್ಲಿ. ಕನ್ನಡದ ತಿರುಳಿನ ನೆಲೆಯೆಂದು ಕವಿರಾಜಮಾರ್ಗವು ಹೆಸರಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆಯೆಂದರೆ ಈ ಲಕ್ಷ್ಮೇಶ್ವರ, ಕೊಪಣವೆಂದರೆ ಈ ಕೊಪ್ಪಳ. ತಿರುಳೇ ಹೀಗೆ ಹೋಳಾಯಿತು!

ಯಾರೋ ಲ್ಯಾಟಿನ್ ಸೂತ್ರವನ್ನೋದಿ ಇದನ್ನು ಮಾಡಿದರೆಂದು ನಾವು ಹೇಳಲಾರೆವು. ಕಾಳಗಗಳೂ ಕೌಲುಗಳೂ ಜಹಗೀರುಗಳೂ ಎಳೆದ ಗೆರೆಗಳಿವು. ಆದರೆ ಫಲವು ಅದೇ: ಮೈಸೂರಿನ ಹೊರಗೆ ಕನ್ನಡಿಗನು ಎಲ್ಲೆಡೆಯೂ ಇದ್ದನು, ಎಲ್ಲಿಯೂ ಅವನ ಮಾತಿಗೆ ತೂಕವಿರಲಿಲ್ಲ.

ಗೆರೆಯನ್ನು ಮನ್ನಿಸದವರೂ ಇದ್ದರು. 1858ರಲ್ಲಿ ಮುಂಡರಗಿಯ ಭೀಮರಾಯರು ಕೊಪ್ಪಳದ ಕೋಟೆಯನ್ನು ಹಿಡಿದು ಅಲ್ಲಿಯೇ ಮಡಿದರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗದಗಿನ ಹುಯಿಲಗೋಳ ನಾರಾಯಣರಾಯರ ನಾಡಗೀತವು ಮೊಳಗಿತು. 1948ರಲ್ಲಿ ಸಂಸ್ಥಾನಗಳು ವಿಲೀನವಾದುವು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಆದರೆ ಕಾಸರಗೋಡು ಹೊರಗುಳಿದ ನೋವು ಇದೆ.

ಬಂಧುಗಳೇ, 'ಒಡೆ' ಎಂಬ ಆಜ್ಞೆಯು ಆಳುವವನದು; ಅದು ನೆರವೇರುವುದು ಒಡೆಯಲು ಒಪ್ಪಿದವರಿಂದ. ಇಂದು ಆಜ್ಞಾಪಿಸುವ ಪರರಿಲ್ಲ. ಆದರೂ ಇವನು ಮೈಸೂರಿನ ಕಡೆಯವನು, ಇವನು ಮುಂಬಯಿ ಕಡೆಯವನು, ಇವನು ಹೈದರಾಬಾದಿನ ಕಡೆಯವನು ಎಂದು ನಾವೇ ಗೆರೆಯೆಳೆದರೆ, ಸತ್ತ ಅರಸರ ಆಜ್ಞೆಯನ್ನು ಪಾಲಿಸಿದಂತಾಗದೇ? ಶಿಕ್ಷಕ ಬಂಧುಗಳು ಮಕ್ಕಳಿಗೆ ನಾಡಿನ ನಕಾಶೆಯನ್ನು ತೋರಿಸುವಾಗ ಆ ಹಳೆಯ ಗೆರೆಗಳನ್ನೂ ಒಮ್ಮೆ ಎಳೆದು ತೋರಿಸಲಿ. ಆ ಮೇಲೆ ಮಕ್ಕಳ ಕೈಯಿಂದಲೇ ಅಳಿಸಲಿ ಎಂದು ನಮ್ಮ ಬಿನ್ನಹ.