ಬೆಟ್ಟದ ಮೇಲಿನ ಕೋಟೆ, ಶಿಲ್ಪಿಯ ಕೈಗಳು
(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತು)

ಜರ್ಮನಿ ಪ್ರವಾಸದ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂದಿದ್ದಾರೆ. ಮಗಳ ಮನೆಯಲ್ಲಿ ಎರಡು ತಿಂಗಳಿದ್ದೆ, ಎಲ್ಲ ಹೇಳಹೊರಟರೆ ನಿಮ್ಮ ಚಹಾ ಆರಿಹೋಗುತ್ತದೆ. ಒಂದೇ ಜಾಗದ ವಿಷಯ ಹೇಳುತ್ತೇನೆ: ವುರ್ಟ್ಸ್‌ಬುರ್ಗ್ ಊರಿನ ಮಾರಿಯೆನ್‌ಬರ್ಗ್ ಕೋಟೆ.

ಮೈನ್ ನದಿಯ ಹಳೆಯ ಸೇತುವೆ ದಾಟಿದರೆ ಎದುರಿಗೇ ಬೆಟ್ಟ, ಇಳಿಜಾರಿನ ತುಂಬ ದ್ರಾಕ್ಷಿ ತೋಟ. "ಅವ್ವಾ, ಮೊಣಕಾಲು ನೋಯ್ತಾವೇನು? ಬಸ್ಸಿಗೆ ಹೋಗೋಣೇನು?" ಅಂದಳು ಮಗಳು. ನನಗೆ ಹಟ. ನಾಲ್ಕು ಕಡೆ ಕೂತು, ಏದುಸಿರು ಬಿಡುತ್ತ ಹತ್ತಿದೆ.

1253ರಿಂದ 1719ರವರೆಗೆ ಅಲ್ಲಿದ್ದವರು ಬಿಷಪ್ಪರು. ಬರೀ ಧರ್ಮಗುರುಗಳಲ್ಲ, ಆ ಸೀಮೆಯನ್ನು ಆಳುವ ದೊರೆಗಳೂ ಅವರೇ. 1945ರ ಮಾರ್ಚ್ 16ರ ರಾತ್ರಿ ಸುಮಾರು ಇಪ್ಪತ್ತೇ ನಿಮಿಷದ ಬಾಂಬ್ ದಾಳಿಗೆ ಕೆಳಗಿನ ಊರು ಸುಟ್ಟುಹೋಯಿತು, ಕೋಟೆಗೂ ಬೆಂಕಿ ಬಿತ್ತು. ಇದಾದ ಎರಡೇ ವರ್ಷಕ್ಕೆ, ಊರಿನ್ನೂ ಕಲ್ಲಿನ ರಾಶಿಯಾಗಿದ್ದಾಗಲೇ, ಕೋಟೆಯಲ್ಲಿ ಮ್ಯೂಸಿಯಂ ತೆರೆದರಂತೆ. ಮನೆಗೆ ಸೂರಿಲ್ಲದಾಗ ಮ್ಯೂಸಿಯಂ ಯಾಕೆ ಅಂತ ನಾನಾದರೆ ಕೇಳುತ್ತಿದ್ದೆ! ಈಗ ಅದು ಇಡೀ ಫ್ರಾಂಕೋನಿಯಾ ಸೀಮೆಯ ಮ್ಯೂಸಿಯಂ. ದ್ರಾಕ್ಷಿ ಹಿಂಡುವ ಮರದ ಭಾರೀ ಯಂತ್ರಗಳೂ ಇವೆ.

ನಾನು ನಿಂತುಬಿಟ್ಟದ್ದು ಟಿಲ್ಮನ್ ರೀಮೆನ್‌ಶ್ನೈಡರ್ ಎಂಬ ಶಿಲ್ಪಿಯ ಕೋಣೆಯಲ್ಲಿ. ಅವನ ಸುಮಾರು 80 ಕೃತಿಗಳು ಅಲ್ಲಿವೆ. 1493ರಲ್ಲಿ ಮುಗಿಸಿದ ಆಡಮ್ ಮತ್ತು ಈವ್, ಮರಳುಗಲ್ಲಿನ ಮೂರ್ತಿಗಳು. ಮೊದಲು ಊರಿನ ಚರ್ಚಿನ ಬಾಗಿಲಲ್ಲಿದ್ದವು, ಈಗ ಅಲ್ಲಿರುವುದು ನಕಲು. ಈವಳ ಕೈಯಲ್ಲಿ ಸೇಬು, ಉದ್ದನೆಯ ಗುಂಗುರು ಕೂದಲು. ಮುಖದಲ್ಲಿ ಪಾಪ ಮಾಡಿದ ಕಳೆ ನನಗಂತೂ ಕಾಣಲಿಲ್ಲ, ಯಾವುದೋ ಯೋಚನೆಯಲ್ಲಿರುವ ಹುಡುಗಿ ಅಷ್ಟೇ.

ಈ ಶಿಲ್ಪಿ ಊರಿನ ಮೇಯರ್ ಕೂಡ ಆಗಿದ್ದವನು. 1525ರಲ್ಲಿ ರೈತರು ದಂಗೆಯೆದ್ದಾಗ ನಗರಸಭೆ ಬಿಷಪ್ಪನ ಪರ ನಿಲ್ಲಲಿಲ್ಲ, ಅದರಲ್ಲಿ ಇವನೂ ಸದಸ್ಯ. ರೈತರು ಸೋತರು. ಇವನನ್ನು ಇದೇ ಕೋಟೆಯಲ್ಲಿ ಎರಡು ತಿಂಗಳು ಸೆರೆಯಿಟ್ಟು ಹಿಂಸಿಸಿದರು, ಆಸ್ತಿಯನ್ನೂ ಬಹಳಷ್ಟು ಕಿತ್ತುಕೊಂಡರು. ಕೈ ಮುರಿದರು ಎಂಬ ಕಥೆಯಿದೆ, ಆದರೆ ಅದಕ್ಕೆ ಆಧಾರವಿಲ್ಲ. ಆಮೇಲೆ ದೊಡ್ಡ ಕೆಲಸ ಸಿಗಲಿಲ್ಲ ಎನ್ನುವುದು ನಿಜ. 1527ರಲ್ಲಿ ಕಿಟ್ಸಿಂಗನ್ ಊರಿನ ಸನ್ಯಾಸಿನಿಯರ ಮಠದಲ್ಲಿ ರಿಪೇರಿ ಕೆಲಸ ಮಾಡಿದ ದಾಖಲೆಯಿದೆ. 1531ರಲ್ಲಿ ತೀರಿಕೊಂಡ. ಸೆರೆಯಿಟ್ಟ ಕೋಟೆಯಲ್ಲೇ ಇವತ್ತು ಅವನ ಮೂರ್ತಿ ನೋಡಲು ಜನ ಟಿಕೆಟ್ ತೆಗೆದು ಬರುತ್ತಾರೆ.

ನನ್ನ ತಲೆಯಲ್ಲಿ ಉಳಿದದ್ದು ಆ ರಿಪೇರಿ. ಅಷ್ಟು ದೊಡ್ಡ ಕೈ, ಕೊನೆಗೆ ಮುರಿದದ್ದನ್ನು ಜೋಡಿಸಿತು, ಬೇಡ ಅನ್ನಲಿಲ್ಲ.

ಇಲ್ಲಿ ಒಂದು ತಪ್ಪೊಪ್ಪಿಗೆ. ಹೋದ ವರ್ಷ ನಮ್ಮ ಕಸೂತಿ ಕ್ಲಾಸ್ ನಿಲ್ಲಿಸಿದಾಗ ಮನೆಯಲ್ಲಿ ಪುರುಸೊತ್ತಿಲ್ಲ ಅಂದಿದ್ದೆನಲ್ಲ, ಅದು ಸುಳ್ಳು. ಬೆರಳಿನ ಗಂಟುಗಳು ಬಾತಿವೆ. ಧಾರವಾಡದಲ್ಲಿ ನನ್ನ ಅಜ್ಜಿ ಕಲಿಸಿದ ಗವಂತಿಯ ಗೆರೆ ನನ್ನ ಕೈಯಲ್ಲಿ ಸೊಟ್ಟ ಬರುವುದನ್ನು ನೀವು ನೋಡಬಾರದು ಅಂತಿತ್ತು. ಮಗಳಿಗೂ ಹೇಳಿರಲಿಲ್ಲ. ಆ ಕೋಣೆಯ ಬೆಂಚಿನ ಮೇಲೆ ಹೇಳಿದೆ. ಅವಳು ಬೈದಳು, ಆಮೇಲೆ ಕೈ ಹಿಡಿದುಕೊಂಡು ಕೂತಳು.

ಬರುವ ಮಂಗಳವಾರದಿಂದ ಕ್ಲಾಸ್ ಮತ್ತೆ ಶುರು. ನಾನು ಎಳೆ ಎಣಿಸಿ ಹೇಳುತ್ತೇನೆ, ಹಾಕುವವರು ನೀವು. ಹಳೆಯ ಇಳಕಲ್ ಸೀರೆಯಲ್ಲಿ ಕಸೂತಿ ಬಿಚ್ಚಿಹೋಗಿದ್ದರೆ ಅದನ್ನೂ ತನ್ನಿ. ಸೂಜಿಗೆ ದಾರ ಮಾತ್ರ ಯಾರಾದರೂ ಪೋಣಿಸಿ ಕೊಡಬೇಕು.